ಕೆಆರ್‌ಎಸ್ ನೀರಿನಲ್ಲಿ ಮುಳುಗಿದ ಊರು, ಮುತ್ತಾತನ ಮನೆ: ದಾಖಲೆ ಹುಡುಕಿದ ಕೆಲಸದ ಲಾಗ್

ಮುತ್ತಾತ ಯಾವ ಊರಿಂದ ಬಂದ್ರು, ಅವರಪ್ಪ ಯಾರು, ಮನೆ ಎಲ್ಲಿತ್ತು. ಈ ಮೂರಕ್ಕೂ ಈಗ ಕಾಗದದ ಆಧಾರ ಸಿಕ್ಕಿದೆ. ಮುತ್ತಜ್ಜಿ ಕಡೆ ಮಾತ್ರ ಕೆಲಸ ನಿಂತಿದೆ, ಅದನ್ನ ಕೊನೇಲಿ ಬರ್ದಿದ್ದೀನಿ. ಕೃಷ್ಣರಾಜಸಾಗರದಲ್ಲಿ ಮುಳುಗಿದ ಊರುಗಳಿಂದ ಎದ್ದು ಬಂದ ಮನೆತನಗಳು ಮಂಡ್ಯ ಮೈಸೂರು ಕಡೆ ತುಂಬಾ ಇವೆ, "ನಮ್ದು ನೀರಲ್ಲಿ ಹೋದ ಊರು" ಅಂತ ಹೇಳಿ ಸುಮ್ಮನಾಗ್ತಾರೆ, ದಾಖಲೆನೂ ಮುಳುಗೋಗಿದೆ ಅಂದ್ಕೊಂಡಿರ್ತಾರೆ. ಹಾಗಿಲ್ಲ. ಮುಳುಗಿದ ಊರಿಗೇ ಜಾಸ್ತಿ ಕಾಗದ ಇರತ್ತೆ, ಯಾಕಂದ್ರೆ ಪರಿಹಾರ ಕೊಡ್ಬೇಕಾದ್ರೆ ಸರ್ಕಾರ ಎಲ್ಲಾನೂ ಅಳೆದು ಬರ್ಕೊಂಡಿದೆ.

ಮನೆಯವರ ಹೆಸರು ಬದಲಿಸಿದ್ದೀನಿ, ಮುತ್ತಾತನ್ನ ತಿಮ್ಮೇಗೌಡ ಅಂತ ಇಟ್ಕೊಳ್ಳಿ. ಊರು ಹೇಮಾವತಿ ಹೊಳೆ ಕಾವೇರಿಗೆ ಸೇರೋ ಕಡೆ, ಕೆ.ಆರ್. ಪೇಟೆ ತಾಲ್ಲೂಕು. ನಾವು ಈಗಿರೋದು ಪಾಂಡವಪುರ ತಾಲ್ಲೂಕು.

ಬಳಸಿದ ಸಾಮಾನು: ಉದ್ದ ನೋಟ್‌ಬುಕ್, ಪೆನ್ಸಿಲ್ (ರೆಕಾರ್ಡ್ ರೂಮಲ್ಲಿ ಪೆನ್ ಬೇಡ), ಕೈಗೆ ಹಿಡಿಯೋ ಭೂತಕನ್ನಡಿ, ಸಣ್ಣ ಟಾರ್ಚ್, ಮಾಸ್ಕ್, ಮೊಬೈಲ್, ಲ್ಯಾಪ್‌ಟಾಪಲ್ಲಿ ಒಂದು ಎಕ್ಸೆಲ್ ಶೀಟ್, ಮ್ಯಾಪ್ ಕೆಲಸಕ್ಕೆ ಕ್ಯೂಜಿಐಎಸ್ ಅನ್ನೋ ಫ್ರೀ ಸಾಫ್ಟ್‌ವೇರ್.

ಎಕ್ಸೆಲ್ ಶೀಟಿನ ಕಾಲಂ ಬಗ್ಗೆ ಮೊದಲೇ ಹೇಳ್ಬಿಡ್ತೀನಿ. ವರ್ಷ, ಯಾವ ದಾಖಲೆ, ಹೆಸರು ಅಲ್ಲಿ ಹೇಗೆ ಬರ್ದಿದೆಯೋ ಹಾಗೇ, ಅಪ್ಪನ ಹೆಸರು, ಊರು, ಸರ್ವೆ ನಂಬರ್, ವಿಸ್ತೀರ್ಣ, ಪುಟ ಸಂಖ್ಯೆ, ಎಲ್ಲಿ ನೋಡಿದ್ದು. ಹೆಸರನ್ನ ತಿದ್ದಿ ಬರೀಬಾರ್ದು. ಒಂದ್ಕಡೆ "ತಿಮ್ಮ", ಇನ್ನೊಂದ್ಕಡೆ "ತಿಮ್ಮಯ್ಯ", ಆಮೇಲೆ "ತಿಮ್ಮೇಗೌಡ ಉರುಫ್ ದೊಡ್ಡಯ್ಯ" ಅಂತ ಇದ್ರೆ ಮೂರನ್ನೂ ಹಾಗೇ ಇಳಿಸ್ಬೇಕು, ಒಬ್ರೇನಾ ಬೇರೆಬೇರೆನಾ ಅನ್ನೋದು ಆಮೇಲಿನ ತೀರ್ಮಾನ.

ಹಂತ 1: ಟ್ರಂಕು ಮತ್ತೆ ಅಜ್ಜಿ

ಮನೇಲಿದ್ದ ತಗಡಿನ ಟ್ರಂಕಲ್ಲಿ ಸಿಕ್ಕಿದ್ದು: ಕಂದಾಯದ ರಸೀದಿಗಳ ಕಟ್ಟು, 1950ರ ದಶಕದ ಒಂದು ಪಾಲುಪಟ್ಟಿ, ಮಡಿಚಿದ ಕಡೆಯೆಲ್ಲ ಹರಿದೋಗಿದ್ದ ಒಂದು ಸಾಗುವಳಿ ಚೀಟಿ (ಸರ್ಕಾರ ಜಮೀನು ಮಂಜೂರು ಮಾಡ್ದಾಗ ಕೊಡೋ ಪತ್ರ). ರಸೀದಿ ಅಂತ ಬಿಸಾಕ್ಬೇಡಿ, ಅದರಲ್ಲಿ ಸರ್ವೆ ನಂಬರ್ ಇರತ್ತೆ, ಯಾರು ಕಟ್ಟಿದ್ರು ಅಂತ ಇರತ್ತೆ.

ಅದೇ ವಾರ ತಾತನ ತಂಗಿ ಹತ್ರ ಕೂತೆ. ತೊಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ, ನೆನಪು ಚೆನ್ನಾಗಿದೆ. "ರಕ್ತಾಕ್ಷಿ ವರ್ಸ ಹೊಳೆ ಬಂದು ಹಟ್ಟಿ ಬಾಗ್ಲಗಂಟ ನೀರು ನಿಂತಿತ್ತಂತೆ ಕಣ್ಮಗ, ನಮ್ಮಪ್ಪ ಬಿತ್ನೆ ರಾಗೀನ ಅಟ್ಟಕ್ ಏರ್ಸಿ ದನ ಬುಚ್ಕೊಂಡು ದಿಣ್ಣೆ ಮ್ಯಾಲಕ್ ಹೋದ್ನಂತೆ" ಅಂದ್ರು. ಅವರು ಹುಟ್ಟೋಕೆ ಮುಂಚಿನ ಮಾತು, ಅಪ್ಪ ಹೇಳಿದ್ದು ಕೇಳಿದ್ದು.

ಈ ಒಂದು ಮಾತು ತುಂಬಾ ಕೆಲಸಕ್ಕೆ ಬಂತು. ಸಂವತ್ಸರ 60 ವರ್ಷಕ್ಕೆ ತಿರುಗಿ ಬರತ್ತೆ, ರಕ್ತಾಕ್ಷಿ ಅಂದ್ರೆ 1864 ಇಲ್ಲಾ 1924. ಕಾವೇರಿ ಕಂಡ ದೊಡ್ಡ ನೆರೆ 1924ರ ಜುಲೈದು, ಹಾಗಾಗಿ 1924ರಲ್ಲಿ ಮುತ್ತಾತ ಇನ್ನೂ ಹೊಳೆ ದಂಡೆ ಮನೇಲೇ ಇದ್ರು, ಸಂಸಾರ ಮಾಡ್ಕೊಂಡಿದ್ರು ಅಂತ ಆಯ್ತು. ವಯಸ್ಸಾದವರ ಹತ್ರ ಇಸವಿ ಕೇಳ್ಬೇಡಿ, ಸಂವತ್ಸರ ಕೇಳಿ, ಬರ ನೆರೆ ಪ್ಲೇಗು ಯಾವಾಗ ಅಂತ ಕೇಳಿ. ಧಾತು ಈಶ್ವರ ಬರ ಅಂದ್ರೆ 1876-78, ಅದು ಇವತ್ತಿಗೂ ಮನೆಮನೇಲಿ ಮಾತಲ್ಲಿ ಉಳಿದಿದೆ.

ಹಂತ 2: ಜಮೀನಿನ ಮೂಲಕ ಹಿಂದಕ್ಕೆ

ಹೆಸರು ಹಿಡ್ಕೊಂಡು ಹುಡುಕಿದ್ರೆ ಕಳೆದುಹೋಗ್ತೀವಿ, ಜಮೀನು ಹಿಡ್ಕೊಂಡು ಹೋಗ್ಬೇಕು. ಮನುಷ್ಯರ ಹೆಸರು ಗುಮಾಸ್ತರ ಕೈಗೆ ತಕ್ಕಂಗೆ ಬದಲಾಗತ್ತೆ, ಸರ್ವೆ ನಂಬರ್ ಅಷ್ಟು ಸುಲಭಕ್ಕೆ ಬದಲಾಗಲ್ಲ.

ಈಗಿನ ಪಹಣಿ ಆನ್‌ಲೈನಲ್ಲೇ ಸಿಗತ್ತೆ, ಭೂಮಿ ತಂತ್ರಾಂಶ ಬಂದ 2000ದ ಆಸುಪಾಸಿನವರೆಗೆ ಹೋಗ್ಬಹುದು. ಅದಕ್ಕಿಂತ ಹಿಂದಿನದು ಕೈಬರಹದ ಪಹಣಿ, ಐದೈದು ವರ್ಷದ ಹಾಳೆ, ತಾಲ್ಲೂಕು ಕಚೇರಿ ರೆಕಾರ್ಡ್ ರೂಮಲ್ಲಿರತ್ತೆ, ಈಗ ಭೂ ಸುರಕ್ಷಾ ಯೋಜನೇಲಿ ಇವನ್ನ ಸ್ಕ್ಯಾನ್ ಮಾಡ್ತಿದ್ದಾರೆ. ಅದರ ಹಿಂದೆ ಆರ್.ಆರ್. (ಹಕ್ಕುದಾಖಲೆ) ಮತ್ತೆ ಇಂಡೆಕ್ಸ್ ಆಫ್ ಲ್ಯಾಂಡ್ಸ್ (ಜಮೀನುಗಳ ಸೂಚಿ), ಮೈಸೂರು ಸಂಸ್ಥಾನದಲ್ಲಿ ಹಕ್ಕುದಾಖಲೆ ಕಾಯ್ದೆ ಬಂದಿದ್ದು 1927ರಲ್ಲಿ. ಪ್ರತಿ ಮೆಟ್ಟಿಲಲ್ಲೂ "ಈ ಹೆಸರು ಇಲ್ಲಿಗೆ ಯಾವ ಎಂ.ಆರ್. ನಂಬರಿಂದ ಬಂತು" ಅಂತ ನೋಡ್ಬೇಕು, ಎಂ.ಆರ್. ಅಂದ್ರೆ ಮ್ಯುಟೇಷನ್ ರಿಜಿಸ್ಟರ್, ಖಾತೆ ಬದಲಾಗಿದ್ದನ್ನ ಬರೆಯೋ ಪುಸ್ತಕ, ಆ ಮ್ಯುಟೇಷನ್ ತೆಗೆಸಿದ್ರೆ ಹಿಂದಿನ ಹೆಸರು ಸಿಗತ್ತೆ. ಫೌತಿ ಆಗಿದ್ರೆ ಯಾರು ತೀರ್ಕೊಂಡ್ರು, ವಾರಸುದಾರರು ಯಾರು ಅಂತಲೂ ಇರತ್ತೆ.

ಇಲ್ಲಿ ಸಿಕ್ಕಿದ್ದು "ತಿಮ್ಮೇಗೌಡ ಬಿನ್ ಕೆಂಪೇಗೌಡ". ಬಿನ್ ಅಂದ್ರೆ ಇಂಥವರ ಮಗ, ಕೋಂ ಅಂದ್ರೆ ಇಂಥವರ ಹೆಂಡತಿ. ಮುತ್ತಾತನ ಅಪ್ಪನ ಹೆಸರು ಮನೇಲಿ ಯಾರಿಗೂ ಗೊತ್ತಿರ್ಲಿಲ್ಲ, ಹಾಗಾಗಿ ಆ ಸಾಲು ಓದ್ದಾಗ ಕೈ ನಡುಗ್ತು ನಿಜವಾಗ್ಲೂ.

ಸಾಗುವಳಿ ಚೀಟಿ ಇದ್ದಿದ್ರಿಂದ ಈ ಜಮೀನು ದರಖಾಸ್ತಲ್ಲಿ (ಸರ್ಕಾರಿ ಜಮೀನಿಗೆ ಅರ್ಜಿ ಹಾಕಿ) ಮಂಜೂರಾಗಿದ್ದು ಅಂತ ಖಾತ್ರಿ ಆಯ್ತು, ಅಂದ್ರೆ ಪಿತ್ರಾರ್ಜಿತ ಅಲ್ಲ, ಮುತ್ತಾತ ಇಲ್ಲಿಗೆ ಹೊಸಬರಾಗಿ ಬಂದವರು. ದರಖಾಸ್ತು ರಿಜಿಸ್ಟರ್ ಕೇಳಿದ ಕಚೇರಿಲಿ ಸಿಗ್ತಿಲ್ಲ ಅಂದ್ರು. ಆರ್‌ಟಿಐ ಹಾಕ್ದೆ, 10 ರೂಪಾಯಿ ಪೋಸ್ಟಲ್ ಆರ್ಡರ್, ಪುಟಕ್ಕೆ 2 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರ್ಬೇಕು. "ನಮ್ಮ ವಂಶದ ಎಲ್ಲಾ ದಾಖಲೆ ಕೊಡಿ" ಅಂದ್ರೆ ಯಾರಿಂದಲೂ ಆಗಲ್ಲ, ರಿಜಿಸ್ಟರ್ ಹೆಸರು, ಗ್ರಾಮ, ಸರ್ವೆ ನಂಬರ್, ಯಾವ ವರ್ಷದಿಂದ ಯಾವ ವರ್ಷ ಅಂತ ಬರ್ದಾಗ ಸಿಕ್ತು. ಷರಾ (ಟಿಪ್ಪಣಿ) ಕಾಲಮ್ಮಲ್ಲಿ ಹಳೇ ಊರಿನ ಹೆಸರು, ಪಕ್ಕದಲ್ಲಿ "ಮುಳುಗಡೆ". ಮೊದಲನೇ ಪ್ರಶ್ನೆ ಇಲ್ಲಿಗೆ ಮುಗೀತು.

ಹಂತ 3: ಸ್ಕೂಲ್ ರಿಜಿಸ್ಟರ್

ಬೇಗ ಆದ ಕೆಲಸ. ಶಾಲೆಯ ದಾಖಲಾತಿ ರಿಜಿಸ್ಟರನ್ನ ಎಸೆಯೋ ಹಾಗಿಲ್ಲ, ಶಾಶ್ವತವಾಗಿ ಇಟ್ಕೊಳ್ಬೇಕು. ಹೆಡ್‌ಮಾಸ್ಟರ್ ಹತ್ರ ಬರವಣಿಗೇಲಿ ಅರ್ಜಿ ಕೊಟ್ಟು ಕಾರಣ ಹೇಳ್ದೆ, ತಾವೇ ಕೂತು ಹುಡುಕಿಕೊಟ್ರು. ತಾತನ ಎಂಟ್ರಿಲಿ ಅಪ್ಪನ ಹೆಸರು, ಕಸುಬು, ಹುಟ್ಟಿದ ಊರು ಇತ್ತು, ದರಖಾಸ್ತಿನ ಊರಿಗೆ ತಾಳೆ ಆಯ್ತು. ಹುಟ್ಟಿದ ದಿನಾಂಕನ ಮಾತ್ರ ನಂಬ್ಬೇಡಿ, ಎಷ್ಟೋ ಮಕ್ಕಳಿಗೆ ಮೇಷ್ಟ್ರೇ ಅಂದಾಜಿಗೆ ಹಾಕ್ತಿದ್ರು, ಜೂನ್ 1 ಕಂಡ್ರಂತೂ ಬರೀ ಅಂದಾಜು ಅಂತ್ಲೇ ಇಟ್ಕೊಳ್ಳಿ.

ಹಂತ 4: ದಾರಿ ತಪ್ಪಿದ್ದು

ಇದನ್ನ ಸ್ವಲ್ಪ ಉದ್ದಕ್ಕೆ ಬರೀತೀನಿ, ಯಾಕಂದ್ರೆ ಎಲ್ಲರಿಗೂ ಆಗೋದು ಇದೇ.

ಹಳೇ ಊರಿನ ಖಾತೆದಾರರ ಪಟ್ಟಿ ಒಂದರ ಜೆರಾಕ್ಸ್ ಆ ಊರಿನವರೇ ಆದ ಇನ್ನೊಂದು ಮನೆತನದವರ ಹತ್ರ ಇತ್ತು. ಅದರಲ್ಲಿ ತಿಮ್ಮೇಗೌಡ ಬಿನ್ ಕೆಂಪೇಗೌಡ ಸಿಕ್ತು, ಸರ್ವೆ ನಂಬರ್ ೪೬, ಎಂಟು ಎಕರೆ ಚಿಲ್ಲರೆ, ಜೊತೆಗೆ ತರಿ ಗದ್ದೆ (ನೀರಾವರಿ ಜಮೀನು). ನಾನು ಆ ಜಮೀನಿನ ಹಿಂದೆ ಹೋಗಿ ಕೆಂಪೇಗೌಡರ ಅಣ್ಣತಮ್ಮಂದಿರು, ಅವರ ಮಕ್ಕಳು ಅಂತ ಒಂದು ದೊಡ್ಡ ಕೊಂಬೆನೇ ಕಟ್ಟಿದೆ, ಅವರ ಈಗಿನ ಮೊಮ್ಮಕ್ಕಳನ್ನೂ ಹುಡುಕಿ ಮಾತಾಡಿಸ್ದೆ, ಅವರೂ ಸಂತೋಷದಿಂದ ಊಟ ಹಾಕಿ ಕಳಿಸಿದ್ರು. ಆದ್ರೆ ಅವರ ಮನೆದೇವರು ಬೇರೆ. ಒಂದೇ ಅಣ್ಣತಮ್ಮಂದಿರ ಮನೆತನ ಆದ್ರೆ ಮನೆದೇವರು ಬೇರೆ ಆಗೋದು ತುಂಬಾ ಕಮ್ಮಿ. ಅಲ್ಲಿ ಅನುಮಾನ ಬಂತು.

ವಾಪಸ್ ಬಂದು ಮೂಲ ಪ್ರತಿ ನೋಡ್ದೆ, ಜೆರಾಕ್ಸ್ ಅಲ್ಲ. ಎರಡು ತಪ್ಪು ಒಟ್ಟಿಗೆ ಆಗಿತ್ತು. ಊರಲ್ಲಿ ಇಬ್ಬರು ತಿಮ್ಮೇಗೌಡರು, ಒಬ್ಬರ ಅಪ್ಪ ಕೆಂಪೇಗೌಡ, ಇನ್ನೊಬ್ಬರ ಅಪ್ಪ ಚಿಕ್ಕ ಕೆಂಪೇಗೌಡ. ಮುಂದೆ ಪಾಂಡವಪುರದ ಕಡೆ ದಾಖಲೆ ಬರೆಯುವಾಗ "ಚಿಕ್ಕ" ಬಿಟ್ಟೋಗಿದೆ. ಚಿಕ್ಕ ಕೆಂಪೇಗೌಡರ ಮಗನ ಸಾಲಲ್ಲಿದ್ದ ನಂಬರ್ ೪೯, ಅದು ಜೆರಾಕ್ಸಲ್ಲಿ ನನಗೆ ೪೬ ಥರಾನೇ ಕಂಡು ಎರಡು ಸಾಲೂ ಒಬ್ಬರದೇ ಅಂತ ಸೇರಿಸ್ಬಿಟ್ಟಿದ್ದೆ. ಕನ್ನಡದ ೬ ಮತ್ತೆ ೯ ಹಳೇ ಶಾಯಿಲಿ ಒಂದೇ ಥರ ಕಾಣತ್ತೆ, ಬಾಲ ಮಾಸಿದ್ರೆ ಮುಗೀತು. ಮನೇಲಿದ್ದ ಅತಿ ಹಳೇ ರಸೀದಿ ತೆಗೆದು ನೋಡಿದ್ರೆ ಅದರಲ್ಲೂ ೪೯, ವಿಸ್ತೀರ್ಣ 3 ಎಕರೆ 12 ಗುಂಟೆ, ಖುಷ್ಕಿ (ಮಳೆ ನಂಬಿದ ಹೊಲ). ಮೂಲ ಪ್ರತೀನೂ ಅದನ್ನೇ ಹೇಳ್ತು.

ಆಮೇಲಿಂದ ಪಾಲಿಸಿದ ನಿಯಮ: ಅಂಕಿ ಅನುಮಾನ ಬಂದ್ರೆ ವಿಸ್ತೀರ್ಣ ಮತ್ತೆ ಕಂದಾಯದ ಜೊತೆ ತಾಳೆ ನೋಡೋದು. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ, ದುಡ್ಡಲ್ಲಿ 12 ಪೈಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ. ಕೆಳಗಿನ ಒಟ್ಟು ಮೊತ್ತ ಕೂಡಿದ್ರೆ ಯಾವ ಅಂಕಿ ಸರಿ ಅಂತ ಲೆಕ್ಕನೇ ಹೇಳತ್ತೆ. ಇನ್ನೊಂದು, ಟಾರ್ಚನ್ನ ನೇರವಾಗಿ ಬಿಡ್ದೆ ಹಾಳೆಯ ಪಕ್ಕದಿಂದ ಓರೆಯಾಗಿ ಬಿಟ್ರೆ ನಿಬ್ಬು ಒತ್ತಿದ ಗೀರು ಕಾಣತ್ತೆ, ಶಾಯಿ ಹೋಗಿದ್ರೂ. ಹೆಸರು, ಅಪ್ಪನ ಹೆಸರು, ಸರ್ವೆ ನಂಬರ್, ಮನೆದೇವರು: ಈ ನಾಲ್ಕರಲ್ಲಿ ಮೂರು ಕೂಡದೆ ಯಾರನ್ನೂ ವಂಶವೃಕ್ಷಕ್ಕೆ ಸೇರಿಸ್ತಿಲ್ಲ.

ಹಂತ 5: ಯಾವ ಜಿಲ್ಲೆ, ಯಾವ ಕಪಾಟು

ಮಂಡ್ಯ ಜಿಲ್ಲೆ ಆಗಿದ್ದೇ 1939ರಲ್ಲಿ. ಅಲ್ಲೀವರೆಗೆ ಈ ತಾಲ್ಲೂಕುಗಳು ಮೈಸೂರು ಜಿಲ್ಲೇಲಿದ್ವು. ಕೆ.ಆರ್. ಪೇಟೆಗೆ ಹಿಂದೆ ಅತ್ತಿಕುಪ್ಪೆ ಅನ್ನೋರು, ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್, ಹಿರೋಡೆ. ಇವನ್ನ ಒಂದು ಚೀಟಿಲಿ ಬರ್ಕೊಂಡು ಹೋಗಿ, ಇಲ್ಲಾಂದ್ರೆ ಸೂಚಿ ಪುಸ್ತಕದಲ್ಲಿ ಕಣ್ಣೆದುರಿಗೇ ಇದ್ರೂ ಗೊತ್ತಾಗಲ್ಲ. ಇಂಗ್ಲಿಷ್ ದಾಖಲೇಲಿ ಹೆಸರಿನ ಸ್ಪೆಲಿಂಗ್ ಕೂಡ ಹಾಗೇ, ತಿಮ್ಮೇಗೌಡದ ಟಿ ಪಕ್ಕ ಎಚ್ ಇರಲ್ಲ, ಗೌಡ ಒಂದೊಂದು ಕಡೆ ಒಂದೊಂದು ಥರ.

ಜನಗಣತಿಲಿ ಹೆಸರು ಸಿಗತ್ತಾ ಅಂತ ತುಂಬಾ ಜನ ಕೇಳ್ತಾರೆ. ಇಂಗ್ಲೆಂಡಲ್ಲಿ ಸಿಗತ್ತೆ, ಇಲ್ಲಿ ಇಲ್ಲ, ಮನೆಮನೆ ಪಟ್ಟಿ ಉಳಿಸಿಲ್ಲ, ಊರಿನ ಒಟ್ಟು ಲೆಕ್ಕ ಮಾತ್ರ. ಅದರಿಂದ ಊರು ಯಾವ ದಶಕದಲ್ಲಿ ಖಾಲಿ ಆಯ್ತು, ಅಂದ್ರೆ ಬೇಚಿರಾಕ್ ಆಯ್ತು ಅನ್ನೋದಕ್ಕೆ ಉಪಯೋಗ ಇದೆ.

ನಿಜವಾದ ಖಜಾನೆ ಭೂಸ್ವಾಧೀನದ ಕಾಗದ. ಅಣೆಕಟ್ಟು ಕೆಲಸ ಶುರು ಆಗಿದ್ದು 1911ರಲ್ಲಿ, ಮೊದಲ ಹಂತದಲ್ಲಿ 80 ಅಡಿ ಮಟ್ಟಕ್ಕೆ ನೀರು ನಿಲ್ಲಿಸೋ ಲೆಕ್ಕ, 124 ಅಡಿಗೆ ಹೋಗೋ ವಿಚಾರದಲ್ಲಿ ಮದ್ರಾಸಿನ ಜೊತೆ ತಕರಾರು ನಡೆದು 1924ರ ಒಪ್ಪಂದದಲ್ಲಿ ಇತ್ಯರ್ಥ ಆಯ್ತು. ಇದನ್ನ ತಿಳ್ಕೊಂಡ ಮೇಲೇ ನಮ್ಮ ಮನೆತನದ ಕಥೆ ಅರ್ಥ ಆಗಿದ್ದು. ಮೊದಲ ಹಂತದ ಪಟ್ಟಿಲಿ ಮುತ್ತಾತನ ಹೊಲ ಇದೆ, ಮನೆ ಇಲ್ಲ. ಹೊಳೆ ಪಕ್ಕದ ಜಮೀನು ಮೊದಲು ಹೋಗಿದೆ, ಮನೆ ಇದ್ದ ದಿಣ್ಣೆ ಉಳಿದಿದೆ, ಎಷ್ಟೋ ವರ್ಷ ಹೊಲ ಇಲ್ಲದೆ ಮನೆ ಮಾತ್ರ ಇಟ್ಕೊಂಡು ಬೇರೆಯವರ ಹೊಲ ವಾರಕ್ಕೆ, ಅಂದ್ರೆ ಬೆಳೇಲಿ ಪಾಲು ಕೊಡೋ ಲೆಕ್ಕಕ್ಕೆ, ಮಾಡ್ಕೊಂಡು ಇದ್ದಿದ್ದಾರೆ, ಎರಡನೇ ಸಲ ಮನೇನೂ ಹೋಗಿದೆ. 1924ರ ನೆರೆ ಇವೆರಡರ ಮಧ್ಯೆ ಬಂದಿದ್ದು. ಅಜ್ಜಿ ಮಾತಿಗೂ ಕಾಗದಕ್ಕೂ ಎಲ್ಲೂ ತಕರಾರಿಲ್ಲ. ಎರಡನೇ ಸಲದ ಪಟ್ಟಿ ಹುಡುಕ್ದೇ ಮೊದಲನೇದು ನೋಡಿ ನಿಲ್ಲಿಸಿದ್ರೆ "ಇವರಿಗೆ ಮನೆನೇ ಇರ್ಲಿಲ್ಲ" ಅಂತ ಬರ್ಕೊಳ್ಬೇಕಾಗಿತ್ತು.

ಹುಡುಕಿದ ಕಡೆ: ಬೆಂಗಳೂರಿನ ರಾಜ್ಯ ಪತ್ರಾಗಾರ, ಮೈಸೂರಿನ ವಿಭಾಗೀಯ ಪತ್ರಾಗಾರ. ಸಂಸ್ಥಾನದ ಕಾಲದ ಮೈಸೂರು ಗೆಜೆಟ್‌ನಲ್ಲಿ ಸ್ವಾಧೀನದ ಅಧಿಸೂಚನೆ ಬರ್ತಿತ್ತು, ಅದರ ತಾರೀಖು ಹಿಡ್ಕೊಂಡು ರೆವಿನ್ಯೂ ಫೈಲಿಗೆ ಹೋಗೋದು. ನೇರವಾಗಿ ಫೈಲ್ ಕೇಳಿದ್ರೆ ಕಟ್ಟುಗಳ ಮಧ್ಯೆ ದಿನವೇ ಹೋಗತ್ತೆ. ಗುರುತಿನ ಚೀಟಿ ಮತ್ತೆ ಯಾಕೆ ಬೇಕು ಅನ್ನೋ ಅರ್ಜಿ ಎರಡೂ ತಗೊಂಡು ಹೋಗಿ.

ಹಂತ 6: ಮನೆ

ಎರಡನೇ ಪಟ್ಟಿಲಿ ಮನೆಗಳ ಬೆಲೆ ಕಟ್ಟಿದ ಹಾಳೆ ಇತ್ತು. ತಿಮ್ಮೇಗೌಡ ಬಿನ್ ಚಿಕ್ಕ ಕೆಂಪೇಗೌಡ. ಎಂಟು ಅಂಕಣದ ಮನೆ (ಕಂಬದಿಂದ ಕಂಬಕ್ಕೆ ಒಂದು ಅಂಕಣ), ಮಣ್ಣಿನ ಗೋಡೆ, ನಾಡಹೆಂಚು. ಪಕ್ಕದಲ್ಲಿ ಮೂರು ಅಂಕಣದ ಕೊಟ್ಟಿಗೆ, ಹುಲ್ಲು ಹೊದಿಕೆ. ಹಿತ್ತಲಲ್ಲಿ ತೆಂಗು 4, ಹುಣಸೆ 1, ಹೊಂಗೆ 3. ಎಲ್ಲ ಸೇರಿ ಬೆಲೆ 186 ರೂಪಾಯಿ 8 ಆಣೆ. ಕೆಳಗೆ ಹೆಬ್ಬೆಟ್ಟಿನ ಗುರುತು.

ಮುತ್ತಾತನ ಫೋಟೋ ಯಾವುದೂ ಇಲ್ಲ. ಆ ಹೆಬ್ಬೆಟ್ಟು ನೋಡ್ಕೊಂಡು ಎಷ್ಟೋ ಹೊತ್ತು ಕೂತಿದ್ದೆ. ಈ ಹಾಳೆ ನಮ್ಮ ಮನೆಯವರಿಗೆ ಎಷ್ಟು ದೊಡ್ಡದು ಅಂತ ಪತ್ರಾಗಾರದ ಸಿಬ್ಬಂದಿಗೆ ಹೇಳ್ದಾಗ ಅವರೇ ಎದ್ದು ಬಂದು ಜೊತೆಗೆ ನಿಂತು ಓದಿದ್ರು. ದೃಢೀಕೃತ ನಕಲು ತಗೊಂಡೆ.

ಹಂತ 7: ನೆಲದ ಮೇಲೆ ಜಾಗ ಹಿಡಿಯೋದು

ಮೊದಲು ದಿಶಾಂಕ್ ಆ್ಯಪ್ (ನಕ್ಷೆ ಮೇಲೆ ಸರ್ವೆ ನಂಬರ್ ತೋರ್ಸೋ ಸರ್ಕಾರಿ ಆ್ಯಪ್) ನೋಡ್ದೆ. ನೀರಿನ ಆಚೆಗಿರೋ ಊರುಗಳ ಸರ್ವೆ ನಂಬರ್ ತೋರಿಸತ್ತೆ, ಮುಳುಗಿದ ಮನೆ ಜಾಗಕ್ಕೆ ನೇರ ಉಪಯೋಗ ಆಗ್ಲಿಲ್ಲ. 1950ರ ದಶಕದ ಟೊಪೊ ಮ್ಯಾಪ್ ಡೌನ್‌ಲೋಡ್ ಮಾಡಿದ್ದು ದಂಡ, ಅದರಲ್ಲಿ ಆಗ್ಲೇ ಬರೀ ನೀಲಿ ಬಣ್ಣ. ನೀರು ನಿಲ್ಲೋದಕ್ಕೂ ಮುಂಚಿನ ಮ್ಯಾಪೇ ಬೇಕು. ಸರ್ವೆ ಆಫ್ ಇಂಡಿಯಾದ 57 ಡಿ ಶೀಟಿನ ಭಾಗ ಇದು, ಒಂದು ಮೈಲಿಗೆ ಒಂದು ಇಂಚಿನ ಹಳೇ ಮುದ್ರಣದ ಸ್ಕ್ಯಾನ್ ಹುಡುಕಿ ತಗೊಂಡೆ, ಊರಿನ ಹೆಸರು, ಗುಡಿ, ಗಾಡಿ ದಾರಿ ಎಲ್ಲ ಇದೆ.

ಜೊತೆಗೆ ಗ್ರಾಮ ನಕ್ಷೆ. ಒಂದು ಇಂಚಿಗೆ 660 ಅಡಿ, ಅಂದ್ರೆ 33 ಅಡಿ ಸರಪಳಿಲಿ 20 ಸರಪಳಿ. ಒಂದು ಗುಂಟೆ ಅಂದ್ರೆ 33ಕ್ಕೆ 33, ಅಂದ್ರೆ 1089 ಚದರಡಿ, ಸರಪಳಿ ಲೆಕ್ಕದಿಂದಲೇ ಬಂದಿದ್ದು. ಎರಡು ಮ್ಯಾಪನ್ನೂ ಕ್ಯೂಜಿಐಎಸ್‌ನಲ್ಲಿ ಸ್ಯಾಟಲೈಟ್ ಚಿತ್ರದ ಮೇಲೆ ಕೂರಿಸ್ದೆ. ಗುರುತಿಗೆ ಹಿಡಿದಿದ್ದು ಈಗಲೂ ನೀರಿನ ಮೇಲಿರೋ ಜಾಗಗಳು: ಎರಡು ಪಕ್ಕದ ಊರಿನ ಗುಡಿ, ಒಂದು ಬಂಡೆ, ಮೂರು ಗ್ರಾಮದ ಗಡಿ ಸೇರೋ ಕಲ್ಲು. ಮೂರೇ ಗುರುತಲ್ಲಿ ಮಾಡ್ದಾಗ ಊರು ಹೊಳೆ ಮಧ್ಯಕ್ಕೆ ಹೋಗಿ ಕೂತಿತ್ತು, ಗುರುತುಗಳು ಎಲ್ಲ ಒಂದೇ ದಿಕ್ಕಲ್ಲಿದ್ವು ಅದಕ್ಕೆ. ಸುತ್ತ ನಾಲ್ಕೂ ಕಡೆಯಿಂದ ಹಿಡಿದ ಮೇಲೆ ಸರಿ ಹೋಯ್ತು.

2023ರಲ್ಲಿ ಮಳೆ ಕೈಕೊಟ್ಟು 2024ರ ಬೇಸಿಗೇಲಿ ಕೆಆರ್‌ಎಸ್ 90 ಅಡಿಗಿಂತ ಕೆಳಗೆ ಇಳಿದಿತ್ತು. ಅಣ್ಣ, ದೊಡ್ಡಪ್ಪನ ಮಗ, ನಾನು ಬೈಕಲ್ಲಿ ಹೋದ್ವಿ. ಬಿರುಕು ಬಿಟ್ಟ ಕೆಸರು, ಮೇಲೆ ಗಟ್ಟಿ, ಕೆಳಗೆ ಕಾಲು ಹೂತೋಗತ್ತೆ, ಕೋಲು ಇಲ್ದೆ ಹೋಗ್ಬೇಡಿ, ಊರಿನ ಮೀನುಗಾರರನ್ನ ಕೇಳಿ ಜೊತೇಲಿ ಕರ್ಕೊಂಡು ಹೋಗಿ. ಮ್ಯಾಪ್ ಹೇಳಿದ ದಿಣ್ಣೆ ಮೇಲೆ ಕಲ್ಲಿನ ತಳಪಾಯದ ಸಾಲು, ಒಂದು ಒರಳುಕಲ್ಲು, ನಾಡಹೆಂಚಿನ ಚೂರು ಎಲ್ಲೆಲ್ಲೂ. ಇದೇ ನಮ್ಮ ಮನೆ ಅಂತ ಬೆಟ್ಟು ಮಾಡಿ ತೋರ್ಸೋಕೆ ಆಗಲ್ಲ, ನನ್ನ ಲೆಕ್ಕದಲ್ಲಿ ಆ ಬೀದಿಯ ಒಂದು ಎಕರೆ ಜಾಗದೊಳಗೆ. ಒಂದು ಚೂರನ್ನೂ ಎತ್ಕೊಂಡು ಬರ್ಲಿಲ್ಲ, ಜಿಪಿಎಸ್ ಗುರುತು, ಫೋಟೋ ಅಷ್ಟೇ.

ಹಂತ 8: ಹೆಳವರು

ಇದನ್ನ ಮೊದಲೇ ಮಾಡ್ಬೇಕಿತ್ತು. ಸುಗ್ಗಿ ಆದ ಮೇಲೆ ಹೆಳವರು ಮನೆಮನೆಗೆ ಬಂದು ವಂಶದ ಹೆಸರು ಹೇಳಿ ದವಸ ತಗೊಂಡು ಹೋಗ್ತಿದ್ರು, ಮೊದಲು ಎತ್ತಿನ ಮೇಲೆ, ಈಗ ಬಂದವರು ಬೈಕಲ್ಲಿ. ಪಕ್ಕದ ಊರಿಗೆ ಬಂದಿದ್ದಾರೆ ಅಂತ ಗೊತ್ತಾಗಿ ಕರೆಸಿದ್ವಿ. ನಾವು ಒಂದು ಹೆಸರೂ ಹೇಳ್ಲಿಲ್ಲ, ಬರೀ ಊರು ಮತ್ತೆ ಮನೆದೇವರು ಹೇಳಿದ್ವಿ. ಹಿರಿಯರು ಒಂದೇ ಉಸಿರಿಗೆ ಶುರು ಮಾಡಿದ್ರು, ಚಿಕ್ಕ ಕೆಂಪೇಗೌಡ, ಅವನ ಮಗ ತಿಮ್ಮೇಗೌಡ, ಅವನ ಮಕ್ಕಳು, ಕಾಗದದಲ್ಲಿ ಸಿಕ್ಕಿದ ಮೂರು ತಲೆಮಾರೂ ಹಾಗೇ ಬಂತು, ಅದರ ಮೇಲೆ ಇನ್ನೂ ನಾಲ್ಕು ತಲೆಮಾರು. "ಚಿಕ್ಕ" ಅನ್ನೋದನ್ನ ಸರ್ಕಾರದ ರಿಜಿಸ್ಟರ್ ಬಿಟ್ಟಿತ್ತು, ಇವರ ಬಾಯಲ್ಲಿ ಉಳಿದಿತ್ತು. ರೆಕಾರ್ಡ್ ಮಾಡ್ಕೊಳ್ಳೋಕೆ ಒಪ್ಪಿಗೆ ಕೇಳಿ ಮಾಡ್ಕೊಂಡೆ. ಮೇಲಿನ ನಾಲ್ಕು ಹೆಸರನ್ನ ಶೀಟಲ್ಲಿ ಬೇರೆ ಬಣ್ಣದಲ್ಲಿ ಇಟ್ಟಿದ್ದೀನಿ, ಬಾಯ್ದಾಖಲೆ ಅಂತ. ಮೂರು ಸರಿ ಬಂದಿದ್ದಕ್ಕೆ ನಾಲ್ಕರ ಮೇಲೂ ನನಗೆ ನಂಬಿಕೆ ಇದೆ. ಒಂದು ಮೂಟೆ ರಾಗಿ, 1000 ರೂಪಾಯಿ, ಪಂಚೆ ಕೊಟ್ಟು ಕಳಿಸಿದ್ವಿ.

ಖರ್ಚು: ನಕಲು, ಜೆರಾಕ್ಸ್, ಆರ್‌ಟಿಐ ಎಲ್ಲ ಸೇರಿ 1,900 ರೂಪಾಯಿ ಹತ್ರ. ಬಸ್ಸು, ಪೆಟ್ರೋಲು, ಊಟ 4,500. ಸಾಫ್ಟ್‌ವೇರ್‌ಗೆ ಏನೂ ಇಲ್ಲ. ಅತಿ ದುಬಾರಿ ಆಗಿದ್ದು ಹಂತ 4, ಆ ಬೇರೆ ಮನೆತನದ ಹಿಂದೆ ಓಡಾಡಿದ್ದು.

ಹಂತ 9: ನಿಂತಿರೋ ಜಾಗ

ಮುತ್ತಜ್ಜಿ. ಇಷ್ಟೆಲ್ಲ ದಾಖಲೇಲಿ ಅವರು ಒಂದೇ ಸಲ ಬರ್ತಾರೆ, ಮುತ್ತಾತ ತೀರ್ಕೊಂಡ ಮೇಲಿನ ಫೌತಿ ಎಂಟ್ರಿಲಿ, "ಕೋಂ ತಿಮ್ಮೇಗೌಡ" ಅಂತ. ಅವರ ಹೆಸರು ಅದರ ಹಿಂದೆ ಇದೆ, ಆದ್ರೆ ಅಪ್ಪ ಯಾರು, ತವರು ಯಾವುದು ಅಂತ ಎಲ್ಲೂ ಇಲ್ಲ. ಹೆಳವರ ಲೆಕ್ಕದಲ್ಲೂ ಗಂಡಸರ ಸಾಲೇ. ಎಂಟು ಅಂಕಣದ ಮನೆ ನಡೆಸಿದ್ದು, ನೆರೆ ಬಂದಾಗ ಮಕ್ಕಳನ್ನ ದಿಣ್ಣೆ ಮೇಲೆ ಕಾಪಾಡಿದ್ದು, ಎರಡು ಸಲ ಎಲ್ಲ ಕಳ್ಕೊಂಡು ಹೊಸ ಊರಲ್ಲಿ ಒಲೆ ಹೂಡಿದ್ದು ಅವರೂ ಹೌದಲ್ವಾ. ಇಷ್ಟಕ್ಕೆ ಬಿಡೋಕೆ ನನಗೆ ಮನಸ್ಸಿಲ್ಲ.

ಈಗ ಕೈಲಿರೋ ದಾರಿ ಎರಡು. ಒಂದು, ಸಬ್‌ರಿಜಿಸ್ಟ್ರಾರ್ ಕಚೇರಿಯ ಸೂಚಿ: ಇಂಡೆಕ್ಸ್ 1 ಹೆಸರಿನ ಮೇಲೆ, ಇಂಡೆಕ್ಸ್ 2 ಆಸ್ತಿ ಮೇಲೆ. ತವರಿಂದ ಏನಾದ್ರೂ ದಾನಪತ್ರ, ಅರಿಶಿನ ಕುಂಕುಮಕ್ಕೆ ಅಂತ ತುಂಡು ಜಮೀನು ಕೊಟ್ಟಿದ್ರೆ ಅಲ್ಲಿ ಅಪ್ಪನ ಹೆಸರಿನ ಜೊತೆ ಸಿಗ್ಬೇಕು. 1915ರಿಂದ 1935ರವರೆಗೆ ಕೆ.ಆರ್. ಪೇಟೆ ಮತ್ತೆ ಶ್ರೀರಂಗಪಟ್ಟಣದ ಕಡೆಯ ಸೂಚಿಗೆ ಅರ್ಜಿ ಹಾಕಿದ್ದೀನಿ. ಎರಡು, ಅಜ್ಜಿಗೆ ನೆನಪಿರೋ ಒಂದೇ ಸುಳಿವು, ಅವರಮ್ಮನ ಕಡೆಯವರು ವರ್ಷಕ್ಕೊಂದು ಸಲ ಲಕ್ಷ್ಮಣತೀರ್ಥ ಹೊಳೆ ದಾಟಿ ಬರ್ತಿದ್ರು ಅನ್ನೋದು. ಹಾಗಿದ್ರೆ ಹೊಳೆಯಾಚೆ, ಕೆ.ಆರ್. ನಗರ ಇಲ್ಲಾ ಹುಣಸೂರು ಕಡೆ ಹುಡುಕ್ಬೇಕು, ಅಲ್ಲಿಗೆ ಹೋಗೋ ಹೆಳವರು ಬೇರೆ, ಅವರನ್ನ ಮುಂದಿನ ಸುಗ್ಗಿಗೆ ಕಾಯ್ಬೇಕು. ಸೂಚಿ ಬಂದ ತಕ್ಷಣ ಹಂತ 10 ಬರೀತೀನಿ.